ಪಂಪುಸೆಟ್ಟಿನ ಬೋರ್ಡಿನಲ್ಲಿ ಪಿನ್ನುಗಳಿಗೆ ಕೆಲಸ ಹಂಚುವ ಕ್ರಮ

ಕೊಳವೆ ಬಾವಿಯ ಪಂಪುಸೆಟ್ಟನ್ನು ತಾನಾಗಿ ನಡೆಸುವುದಕ್ಕೂ, ಮಣ್ಣಿನ ತೇವವನ್ನು ಅಳೆದು ಅದಕ್ಕೆ ತಕ್ಕಂತೆ ನೀರು ಬಿಡುವುದಕ್ಕೂ, ಮೋಟಾರು ನಿಂತುಹೋದರೆ ಯಜಮಾನರ ಮೊಬೈಲಿಗೆ ಸುದ್ದಿ ಮುಟ್ಟಿಸುವುದಕ್ಕೂ ಈಚೆಗೆ ಕೆಲವು ತೋಟಗಳಲ್ಲಿ ಅಂಗೈಯಷ್ಟೂ ಅಗಲವಿಲ್ಲದ ಸಣ್ಣ ಬೋರ್ಡುಗಳನ್ನು ಉಪಯೋಗಿಸುತ್ತಿರುವುದು ಕಂಡುಬರುತ್ತದೆ. ಇವುಗಳಿಗೆ ಮೈಕ್ರೋಕಂಟ್ರೋಲರ್ ಬೋರ್ಡುಗಳೆಂದು ಹೆಸರು. ಇವುಗಳ ಬೆಲೆಯು ಸ್ವಲ್ಪ. ಜೋಡಿಸಿಕೊಡುವವರು ಹೆಚ್ಚಾಗಿ ಮನೆಯಲ್ಲಿ ಡಿಪ್ಲೊಮಾ ಓದಿದ ಹುಡುಗರು, ಇಲ್ಲವೆ ಪೇಟೆಯ ರಿಪೇರಿ ಅಂಗಡಿಯವರು. ಜೋಡಿಸಿದ ಕೆಲವು ದಿನಗಳಲ್ಲಿಯೇ ಬೋರ್ಡು ಕೆಟ್ಟಿತೆಂದೂ, ಕೊಟ್ಟ ಹಣವು ನೀರಿನಲ್ಲಿ ಹೋಯಿತೆಂದೂ ದೂರುಗಳು ಬರುವುದುಂಟು. ವಿಚಾರಿಸಿ ನೋಡಿದರೆ ಅನೇಕ ವೇಳೆ ಬೋರ್ಡು ಕೆಟ್ಟಿರುವುದಿಲ್ಲ; ಅದರ ಪಿನ್ನುಗಳಿಗೆ ಕೆಲಸವನ್ನು ಹಂಚಿದ ರೀತಿಯಲ್ಲಿ ತಪ್ಪಿರುತ್ತದೆ. ಆದುದರಿಂದ ಆ ಹಂಚಿಕೆಯ ವಿಷಯವಾಗಿ ಊರಿನ ಮುಖಂಡರೂ ಜಮೀನಿನ ಯಜಮಾನರೂ ತಿಳಿದಿರತಕ್ಕ ಕೆಲವು ಅಂಶಗಳನ್ನು ಇಲ್ಲಿ ವಿವರಿಸಲಾಗುತ್ತದೆ.

ಯಜಮಾನರು ತಾವೇ ಕುಳಿತು ಪ್ರೋಗ್ರಾಮು ಬರೆಯಬೇಕೆಂಬುದು ನಮ್ಮ ಅಭಿಪ್ರಾಯವಲ್ಲ. ಜಮೀನನ್ನು ಅಳೆಯುವವನು ಮೋಜಣಿದಾರನೇ ಆದರೂ ಎಲ್ಲೆಕಲ್ಲು ಎಲ್ಲಿದೆಯೆಂಬುದನ್ನು ಜಮೀನಿನ ಒಡೆಯನು ತಿಳಿದಿರುತ್ತಾನಷ್ಟೆ. ಅಷ್ಟರ ಮಟ್ಟಿನ ತಿಳಿವಳಿಕೆ ಇದ್ದರೆ ಸಾಕು.

ಒಂದು ತೋಟದ ಸಂಗತಿ:—

ನಾವು ಪ್ರತ್ಯಕ್ಷವಾಗಿ ನೋಡಿದ ಒಂದು ಸಂಗತಿಯಿಂದ ಪ್ರಾರಂಭಿಸುವುದು ಅನುಕೂಲ. ನಾಲ್ಕು ಎಕರೆ ಅಡಕೆ ತೋಟದ ಯಜಮಾನರೊಬ್ಬರು ತಮ್ಮ ಕೊಳವೆ ಬಾವಿಗೆ ಇಂಥ ಬೋರ್ಡೊಂದನ್ನು ಹಾಕಿಸಿದರು. ಊರಿನಿಂದ ತೋಟಕ್ಕೆ ಎರಡು ಮೈಲಿ ನಡಿಗೆ. ಬಾವಿಯಲ್ಲಿ ನೀರು ಇಳಿದು ಮೋಟಾರು ಬರಿದೆ ತಿರುಗತೊಡಗಿದರೆ ಮನೆಗೆ ಸಂದೇಶ ಬರಬೇಕು, ಬಂದೊಡನೆ ಹೋಗಿ ನಿಲ್ಲಿಸಬೇಕು ಎಂಬುದು ಅವರ ಉದ್ದೇಶ. ಇದಕ್ಕಾಗಿ ಸಿಮ್ ಹಾಕಿದ ಮೋಡೆಮೊಂದನ್ನು ಬೋರ್ಡಿಗೆ ಸೇರಿಸಿದ್ದರು. ಮೊದಲನೆಯ ವಾರ ಪರೀಕ್ಷಿಸಿದಾಗಲೆಲ್ಲ ಸಂದೇಶವು ತಪ್ಪದೆ ಬಂದಿತು. ಆಮೇಲೆ, ಮಣ್ಣಿನ ತೇವವನ್ನು ಅಂಕಿಯಲ್ಲಿ ತೋರಿಸುವ ಸಣ್ಣ ಪರದೆಯೊಂದಿದ್ದರೆ ಚೆನ್ನೆಂದು ಅದನ್ನೂ ಹಾಕಿಸಿದರು. ಪರದೆಯೂ ಚೆನ್ನಾಗಿ ಬೆಳಗಿತು. ಅಂದಿನಿಂದ ಸಂದೇಶ ಬರಲಿಲ್ಲ. ಆದರೆ ಸಂದೇಶವಿಲ್ಲವೆಂದರೆ ಎಲ್ಲವೂ ಸರಿಯಾಗಿದೆಯೆಂದೇ ಅರ್ಥವಷ್ಟೆ ಎಂದು ಯಾರೂ ಅನುಮಾನಪಡಲಿಲ್ಲ. ಏಪ್ರಿಲ್ ತಿಂಗಳ ಒಂದು ರಾತ್ರಿ ಬಾವಿಯ ನೀರು ಇಳಿಯಿತು. ಮೋಟಾರು ಬೆಳಗಿನವರೆಗೂ ನೀರಿಲ್ಲದೆ ತಿರುಗಿ ಸುಟ್ಟಿತು. ಅದನ್ನು ಮೇಲಕ್ಕೆತ್ತಿಸಿ, ಕಟ್ಟಿಸಿ, ಮತ್ತೆ ಇಳಿಸುವಷ್ಟರಲ್ಲಿ ಹದಿನಾರು ದಿನಗಳು ಕಳೆದುವು. ಬೇಸಗೆಯ ಹದಿನಾರು ದಿನ ನೀರು ಕಾಣದ ಅಡಕೆಯ ಗತಿ ಏನಾಯಿತೆಂಬುದನ್ನು ಈ ಪತ್ರಿಕೆಯ ವಾಚಕರಿಗೆ ವಿವರಿಸಬೇಕಾದುದಿಲ್ಲ.

ಮೋಡೆಮು ಕೆಟ್ಟಿದೆಯೆಂದು ಎರಡು ಸಾರಿ ಹೊಸದನ್ನು ತಂದರು. ಬೋರ್ಡನ್ನೂ ಒಮ್ಮೆ ಬದಲಾಯಿಸಿದರು. ಫಲ ಕಾಣಲಿಲ್ಲ. ನಾವು ಪೆಟ್ಟಿಗೆಯನ್ನು ತೆರೆದು ನೋಡಿದಾಗ, ನಾಲ್ಕನೆಯ ಪಿನ್ನಿಗೆ ಎರಡು ತಂತಿಗಳನ್ನು ಒಟ್ಟಿಗೆ ಬೆಸೆದಿತ್ತು. ಒಂದು ಮೋಡೆಮಿಗೆ ಹೋಗುವುದು, ಇನ್ನೊಂದು ಪರದೆಗೆ ಹೋಗುವುದು. ಮೋಡೆಮಿನ ವಿವರಣಾಪತ್ರದಲ್ಲಿಯೂ ನಾಲ್ಕನೆಯ ಪಿನ್ನೆಂದು ಬರೆದಿತ್ತು, ಪರದೆಯ ವಿವರಣಾಪತ್ರದಲ್ಲಿಯೂ ನಾಲ್ಕನೆಯ ಪಿನ್ನೆಂದೇ ಬರೆದಿತ್ತು. ಎರಡು ಪತ್ರಗಳೂ ಸುಳ್ಳಲ್ಲ. ಜೋಡಿಸಿದವನು ಇದನ್ನು ಮನೆಯ ದೀಪದ ತಂತಿಯಂತೆ ಎರಡು ಕಡೆಗೂ ಕವಲೊಡೆಸಬಹುದೆಂದು ಭಾವಿಸಿದ್ದನು. ತಪ್ಪು ಇಷ್ಟೇ.

ಪಿನ್ನುಗಳ ಎರಡು ಬಗೆಯ ಲೆಕ್ಕ:—

ಮೇಲ್ಕಂಡ ತೋಟದಲ್ಲಿದ್ದುದು ರಾಸ್ಪ್‌ಬೆರಿ ಪೈ ಪೀಕೊ ಎಂಬ ಬೋರ್ಡು. ಇದು ೨೦೨೧ನೆಯ ಇಸವಿ ಜನವರಿ ತಿಂಗಳಲ್ಲಿ ಹೊರಬಂದಿತು. ಉದ್ದ ೫೧ ಮಿಲಿಮೀಟರು, ಅಗಲ ೨೧ ಮಿಲಿಮೀಟರು. ನಡುವೆ ಇರುವ ಕಪ್ಪು ಬಿಲ್ಲೆಯೇ ಆರ್.ಪಿ. ೨೦೪೦ ಎಂಬ ಚಿಪ್, ಬುದ್ಧಿಯೆಲ್ಲ ಅದರಲ್ಲಿರುವುದು. ಎರಡು ಅಂಚುಗಳಲ್ಲಿ ಇಪ್ಪತ್ತಿಪ್ಪತ್ತರಂತೆ ಒಟ್ಟು ೪೦ ಪಿನ್ನುಗಳಿವೆ. ಇವುಗಳಲ್ಲಿ ೮ ನೆಲದ ಪಿನ್ನುಗಳು, ೬ ವಿದ್ಯುತ್ ಪೂರೈಕೆಗೂ ಬೋರ್ಡಿನ ಹತೋಟಿಗೂ ಸೇರಿದವು. ಉಳಿದ ೨೬ ಪಿನ್ನುಗಳು ಮಾತ್ರ ನಾವು ಬೇಕಾದ ಕೆಲಸಕ್ಕೆ ಹಚ್ಚಿಕೊಳ್ಳಬಹುದಾದವು.

ಇಲ್ಲಿಯೇ ಮೊದಲನೆಯ ಗೊಂದಲವುಂಟಾಗುತ್ತದೆ. ಅಂಚಿನಲ್ಲಿ ಎಣಿಸಿಕೊಂಡು ಹೋದರೆ ಬರುವ ಸಂಖ್ಯೆ ಒಂದು. ಚಿಪ್ಪಿನವರು ಪಿನ್ನಿಗೆ ಇಟ್ಟ ಸಂಖ್ಯೆ ಇನ್ನೊಂದು. ಎರಡನೆಯದಕ್ಕೆ ಜಿ.ಪಿ. ಎಂಬ ಅಕ್ಷರಗಳು ಸೇರಿರುತ್ತವೆ. ಅಂಚಿನ ೧೫ನೆಯ ಪಿನ್ನು ಜಿ.ಪಿ. ೧೫ ಅಲ್ಲ, ಅದು ಜಿ.ಪಿ. ೧೧. ಜಿ.ಪಿ. ೧೫ ಬೇಕೆಂದರೆ ಅಂಚಿನ ೨೦ನೆಯದಕ್ಕೆ ಹೋಗಬೇಕು. ಒಂದೇ ಜಮೀನಿಗೆ ಸರ್ವೆ ನಂಬರು ಬೇರೆ, ಖಾತೆ ನಂಬರು ಬೇರೆ ಇರುವುದನ್ನು ಬಲ್ಲವರಿಗೆ ಇದು ಹೊಸದಲ್ಲ. ಪ್ರೋಗ್ರಾಮಿನಲ್ಲಿ ಬರೆಯುವುದು ಜಿ.ಪಿ. ಸಂಖ್ಯೆ. ಆದುದರಿಂದ ಜೋಡಿಸುವವನೊಡನೆ ಮಾತನಾಡುವಾಗ “ಹದಿನೈದನೆಯ ಪಿನ್ನು” ಎಂದು ಸುಮ್ಮನೆ ಹೇಳದೆ, ಯಾವ ಲೆಕ್ಕದ ಹದಿನೈದೆಂಬುದನ್ನು ಸ್ಪಷ್ಟಪಡಿಸಿಕೊಳ್ಳತಕ್ಕದ್ದು. ಈ ಲೇಖನದಲ್ಲಿ ಇನ್ನು ಮುಂದೆ ಬರುವುದೆಲ್ಲ ಜಿ.ಪಿ. ಲೆಕ್ಕವೇ.

ಒಂದು ಪಿನ್ನಿಗೆ ಹಲವು ಕೆಲಸಗಳು:—

ಚಿಪ್ಪಿನ ಒಳಗೆ ಬೇರೆ ಬೇರೆ ಕೆಲಸಗಳಿಗೆ ಬೇರೆ ಬೇರೆ ಶಾಖೆಗಳಿವೆ. ಎದುರಿನ ಒಂದು ಯಂತ್ರದೊಡನೆ ಎರಡು ತಂತಿಗಳಲ್ಲಿ ಮಾತನಾಡುವ ಯು.ಎ.ಆರ್.ಟಿ. ಶಾಖೆಗಳು ಎರಡು, ಮೋಡೆಮು ಸೇರುವುದು ಇವುಗಳಿಗೆ. ಎರಡೇ ತಂತಿಗಳ ಮೇಲೆ ಹಲವು ಯಂತ್ರಗಳನ್ನು ಸಾಲಾಗಿ ಕಟ್ಟಿ, ಒಂದೊಂದನ್ನೂ ಅದರ ವಿಳಾಸದಿಂದ ಕರೆಯುವ ಐ-ಸ್ಕ್ವೇರ್-ಸಿ ಶಾಖೆಗಳು ಎರಡು. ಸಣ್ಣ ಪರದೆಗಳು ಸಾಮಾನ್ಯವಾಗಿ ಇವುಗಳಿಗೆ ಸೇರುತ್ತವೆ. ಹೆಚ್ಚು ವೇಗದ ಎಸ್.ಪಿ.ಐ. ಶಾಖೆಗಳು ಎರಡು. ಮಿಡಿತದ ಅಗಲವನ್ನು ಹೆಚ್ಚುಕಡಮೆ ಮಾಡಿ ಕವಾಟವನ್ನು ಇಷ್ಟಿಷ್ಟೇ ತಿರುಗಿಸುವಂಥ ಕೆಲಸಕ್ಕೆ ಪಿ.ಡಬ್ಲ್ಯು.ಎಂ. ಎಂಬುದಿದೆ. ಇವಾವುವೂ ಬೇಡ, ಬರಿದೆ ಹೊತ್ತಿಸು ಆರಿಸು ಎಂದರೆ ಅದಕ್ಕೂ ಒಂದು ಶಾಖೆ. ಇನ್ನೂ ಕೆಲವು ಇವೆಯಾದರೂ ಪಂಪುಸೆಟ್ಟಿನ ಕೆಲಸಕ್ಕೆ ಅವು ಬೇಕಾಗುವುದಿಲ್ಲ.

ಇಷ್ಟು ಶಾಖೆಗಳ ತಂತಿಗಳನ್ನೆಲ್ಲ ಹೊರಕ್ಕೆ ತರುವುದಾದರೆ ನೂರು ಪಿನ್ನಾದರೂ ಸಾಲದು. ಬೋರ್ಡು ಮೊರದಷ್ಟು ಅಗಲವಾಗಿ ಬೆಲೆಯೂ ಏರುತ್ತದೆ. ಆದುದರಿಂದ ಚಿಪ್ಪನ್ನು ಮಾಡಿದವರು ಪ್ರತಿಯೊಂದು ಪಿನ್ನಿನ ಹಿಂದೆಯೂ ಒಂದು ಕವಲನ್ನು ಇಟ್ಟಿರುತ್ತಾರೆ. ಕೆರೆಯ ಕೆಳಗಿನ ಗದ್ದೆಬಯಲಿನಲ್ಲಿ ನೀರಗಂಟಿಯು ಒಂದು ಕವಲನ್ನು ತೆರೆದು ಉಳಿದವನ್ನು ಮಣ್ಣಿಟ್ಟು ಮುಚ್ಚುವಂತೆ, ಆ ಕವಲಿನಲ್ಲಿ ಯಾವ ಶಾಖೆಗೆ ದಾರಿ ಬಿಡಬೇಕೆಂಬುದನ್ನು ಪ್ರೋಗ್ರಾಮು ನಿರ್ಧರಿಸುತ್ತದೆ. ಒಂದೊಂದು ಪಿನ್ನಿಗೂ ಚಿಪ್ಪಿನಲ್ಲಿ ಒಂದೊಂದು ಸಣ್ಣ ದಾಖಲೆಯ ಮನೆಯಿದೆ. ಅದರಲ್ಲಿ ಬರೆದ ಅಂಕಿಯೇ ಅಪ್ಪಣೆ. ೧ ಎಂದು ಬರೆದರೆ ಎಸ್.ಪಿ.ಐ., ೨ ಎಂದರೆ ಯು.ಎ.ಆರ್.ಟಿ., ೩ ಎಂದರೆ ಐ-ಸ್ಕ್ವೇರ್-ಸಿ, ೪ ಎಂದರೆ ಪಿ.ಡಬ್ಲ್ಯು.ಎಂ., ೫ ಎಂದರೆ ಬರಿಯ ಹೊತ್ತಿಸು ಆರಿಸುವ ಕೆಲಸ. ಈ ಕ್ರಮವು ೯ರವರೆಗೆ ಹೋಗುತ್ತದೆ. ಒಂದು ಮನೆಯಲ್ಲಿ ಒಂದು ಸಮಯಕ್ಕೆ ಒಂದೇ ಅಂಕಿಯನ್ನು ಬರೆಯುವುದಕ್ಕೆ ಸ್ಥಳವಿದೆಯಾಗಿ, ಒಂದು ಪಿನ್ನು ಒಂದು ಸಮಯಕ್ಕೆ ಒಂದೇ ಶಾಖೆಗೆ ಸೇರಿರಲು ಸಾಧ್ಯ.

ಹಾಗೆಂದು ಯಾವ ಪಿನ್ನನ್ನಾದರೂ ಯಾವ ಕೆಲಸಕ್ಕಾದರೂ ಹಚ್ಚಬಹುದೆಂದು ತಿಳಿಯಕೂಡದು. ಯಾವ ಕಾಲುವೆಯಿಂದ ಯಾವ ಗದ್ದೆಗೆ ಕವಲಿದೆಯೆಂಬುದು ಮೊದಲೇ ಗೊತ್ತಾಗಿರುವಂತೆ, ಇಲ್ಲಿಯೂ ಪಟ್ಟಿಯೊಂದು ನಿಗದಿಯಾಗಿದೆ. ಎರಡನೆಯ ಯು.ಎ.ಆರ್.ಟಿ. ಶಾಖೆಯನ್ನು ಚಿಪ್ಪಿನವರು ಯು.ಎ.ಆರ್.ಟಿ. ೧ ಎಂದು ಕರೆಯುತ್ತಾರೆ. ಅವರು ಸೊನ್ನೆಯಿಂದ ಎಣಿಸುವುದು ವಾಡಿಕೆ. ಇದು ಮಾತನ್ನು ಹೊರಕ್ಕೆ ಕಳುಹಿಸುವ ತಂತಿಯನ್ನು ಜಿ.ಪಿ. ೪ರಲ್ಲಿಯೋ ಜಿ.ಪಿ. ೮ರಲ್ಲಿಯೋ ಪಡೆಯಬಹುದು, ಜಿ.ಪಿ. ೬ರಲ್ಲಿ ಪಡೆಯಲಾಗದು. ಐ-ಸ್ಕ್ವೇರ್-ಸಿ ೦ ಎಂಬ ಶಾಖೆಯ ಜೋಡಿ ತಂತಿಗಳು ೦ ಮತ್ತು ೧, ೪ ಮತ್ತು ೫, ೮ ಮತ್ತು ೯, ೧೨ ಮತ್ತು ೧೩, ೧೬ ಮತ್ತು ೧೭, ೨೦ ಮತ್ತು ೨೧ ಈ ಜೋಡಿಗಳಲ್ಲಿ ಯಾವುದರಲ್ಲಿಯಾದರೂ ಬರಬಹುದು. ಹೀಗೆ ಒಂದೇ ಕೆಲಸಕ್ಕೆ ಹಲವು ಬದಲಿ ಸ್ಥಳಗಳನ್ನು ಇಟ್ಟಿರುವುದು, ಒಂದು ಕಡೆ ಇಕ್ಕಟ್ಟಾದರೆ ಇನ್ನೊಂದು ಕಡೆಗೆ ಸರಿಯುವುದಕ್ಕಾಗಿಯೇ. ಬದಲಿ ಕೆಲಸವೆಂಬ ಏರ್ಪಾಡಿನ ಮುಖ್ಯ ಪ್ರಯೋಜನವಿದು. ಆದರೆ ಉಪಯೋಗಿಸಿಕೊಳ್ಳುವವರು ಕಡಮೆ. ವಿವರಣಾಪತ್ರದಲ್ಲಿ ಅಚ್ಚಾಗಿರುವ ಸಂಖ್ಯೆಯನ್ನೇ ವೇದವಾಕ್ಯವೆಂದು ಹಿಡಿಯುತ್ತಾರೆ.

ಕೊನೆಯ ಪತ್ರವೇ ಊರ್ಜಿತ:—

ಈಗ ಅಡಕೆ ತೋಟದ ವಿಚಾರಕ್ಕೆ ಹಿಂದಿರುಗೋಣ. ಈ ಬೋರ್ಡಿಗೆ ಬಹುಮಂದಿ ಮೈಕ್ರೋಪೈಥಾನ್ ಎಂಬ ಭಾಷೆಯಲ್ಲಿ ಪ್ರೋಗ್ರಾಮು ಬರೆಯುತ್ತಾರೆ. ಪಿನ್ನಿನ ಸಂಖ್ಯೆಯನ್ನು ಹೇಳದೆ ಯು.ಎ.ಆರ್.ಟಿ. ೧ ಬೇಕೆಂದು ಕೇಳಿದರೆ ಆ ಭಾಷೆಯು ತಾನಾಗಿ ೪ ಮತ್ತು ೫ನ್ನು ಕೊಡುತ್ತದೆ. ಸಂಖ್ಯೆಯನ್ನು ಹೇಳದೆ ಐ-ಸ್ಕ್ವೇರ್-ಸಿ ೦ ಬೇಕೆಂದು ಕೇಳಿದರೆ ಅದಕ್ಕೂ ೪ ಮತ್ತು ೫ನ್ನೇ ಕೊಡುತ್ತದೆ. ಪ್ರೋಗ್ರಾಮಿನಲ್ಲಿ ಮೊದಲು ಮೋಡೆಮಿನ ಸಾಲು, ಅದರ ಕೆಳಗೆ ಹೊಸದಾಗಿ ಸೇರಿಸಿದ ಪರದೆಯ ಸಾಲು. ಮೊದಲನೆಯ ಸಾಲು ಜಿ.ಪಿ. ೪ರ ಮನೆಯಲ್ಲಿ ೨ ಎಂದು ಬರೆಯಿತು; ಕ್ಷಣದಲ್ಲಿಯೇ ಎರಡನೆಯ ಸಾಲು ಅದನ್ನು ಅಳಿಸಿ ೩ ಎಂದು ಬರೆಯಿತು. ಆಮೇಲೆ ಯು.ಎ.ಆರ್.ಟಿ. ಶಾಖೆಯು ಒಳಗೆ ಮಾತನಾಡುತ್ತಲೇ ಇದ್ದಿತು. ಹೊರಕ್ಕೆ ಬರುವ ದಾರಿ ಮಾತ್ರ ಮುಚ್ಚಿಹೋಗಿತ್ತು.

ಒಂದೇ ಜಮೀನನ್ನು ಇಬ್ಬರಿಗೆ ಗುತ್ತಿಗೆ ಬರೆದುಕೊಟ್ಟರೆ ಇಬ್ಬರೂ ಬಂದು ಜಗಳವಾಡುತ್ತಾರೆ, ಊರಿಗೆಲ್ಲ ಗೊತ್ತಾಗುತ್ತದೆ. ಇಲ್ಲಿ ಜಗಳವೇ ಇಲ್ಲ. ಕೊನೆಗೆ ಬರೆದ ಪತ್ರವೇ ಊರ್ಜಿತವಾಗಿ, ಮೊದಲಿನವನು ಮಾತಿಲ್ಲದೆ ಹೊರಬೀಳುತ್ತಾನೆ. ಪಟ್ಟಿಯಲ್ಲಿಯೇ ಇಲ್ಲದ ಹಂಚಿಕೆಯನ್ನು ಕೇಳಿದರೆ, ಎಂದರೆ ಜಿ.ಪಿ. ೬ರಲ್ಲಿ ಯು.ಎ.ಆರ್.ಟಿ. ೧ರ ಕಳುಹಿಸುವ ತಂತಿಯನ್ನು ಕೇಳಿದರೆ, ಪಿನ್ನು ತಪ್ಪಾಗಿದೆಯೆಂದು ಭಾಷೆಯು ಕೂಡಲೆ ಆಕ್ಷೇಪಣೆ ಎತ್ತುತ್ತದೆ. ಪಟ್ಟಿಯಲ್ಲಿರುವ ಒಂದು ಪಿನ್ನನ್ನೇ ಇಬ್ಬರಿಗೆ ಕೊಟ್ಟರೆ ಆಕ್ಷೇಪಣೆಯೂ ಇಲ್ಲ, ಎಚ್ಚರಿಕೆಯೂ ಇಲ್ಲ. ಈ ಎರಡನೆಯ ಬಗೆಯ ತಪ್ಪೇ ಹೆಚ್ಚು ಹಾನಿಕರ.

ಆ ತೋಟದಲ್ಲಿ ಇನ್ನೊಂದು ಉಪೇಕ್ಷೆಯೂ ಸೇರಿಕೊಂಡಿತ್ತು. ಸಂದೇಶ ಕಳುಹಿಸುವುದಷ್ಟೇ ಸಾಕೆಂದು, ಮೋಡೆಮಿನಿಂದ ಬೋರ್ಡಿಗೆ ಹಿಂದಕ್ಕೆ ಬರುವ ತಂತಿಯನ್ನು ಹಾಕಿಯೇ ಇರಲಿಲ್ಲ. ಆ ತಂತಿಯಿದ್ದಿದ್ದರೆ ಮೋಡೆಮು ಉತ್ತರ ಕೊಡದಿರುವುದನ್ನು ಬೋರ್ಡು ಅರಿತು ಪರದೆಯ ಮೇಲಾದರೂ ತೋರಿಸಬಹುದಾಗಿತ್ತು. ಸರಿಪಡಿಸುವಾಗ ಮೋಡೆಮಿನ ಎರಡು ತಂತಿಗಳನ್ನೂ ಜಿ.ಪಿ. ೮ ಮತ್ತು ೯ಕ್ಕೆ, ಎಂದರೆ ಅಂಚಿನ ೧೧ ಮತ್ತು ೧೨ಕ್ಕೆ ಬದಲಾಯಿಸಿ, ಪ್ರೋಗ್ರಾಮಿನಲ್ಲಿಯೂ ಆ ಸಂಖ್ಯೆಗಳನ್ನು ಬಾಯಿಬಿಟ್ಟು ಹೇಳಲಾಯಿತು. ಹೊಸ ಸಾಮಾನಿಗೆ ಒಂದು ರೂಪಾಯಿಯೂ ಖರ್ಚಾಗಲಿಲ್ಲ. ತಂತಿಯನ್ನು ಬದಲಾಯಿಸಿ ಪ್ರೋಗ್ರಾಮನ್ನು ಹಾಗೆಯೇ ಬಿಟ್ಟರೂ, ಪ್ರೋಗ್ರಾಮನ್ನು ತಿದ್ದಿ ತಂತಿಯನ್ನು ಹಾಗೆಯೇ ಬಿಟ್ಟರೂ ಕೆಲಸವಾಗುವುದಿಲ್ಲವೆಂಬುದನ್ನು ನೆನಪಿನಲ್ಲಿಡಬೇಕು. ಬೋರ್ಡಿನ ಕಳುಹಿಸುವ ಪಿನ್ನು ಮೋಡೆಮಿನ ಕೇಳುವ ಪಿನ್ನಿಗೆ, ಮೋಡೆಮಿನ ಕಳುಹಿಸುವ ಪಿನ್ನು ಬೋರ್ಡಿನ ಕೇಳುವ ಪಿನ್ನಿಗೆ ಸೇರತಕ್ಕದ್ದು. ಬಾಯಿಗೆ ಬಾಯಿ, ಕಿವಿಗೆ ಕಿವಿ ಕಟ್ಟಿದರೆ ಮಾತು ಹೇಗೆ ನಡೆದೀತು?

ಇದಕ್ಕೆ ತಿರುಗುಮುರುಗಾದ ತಪ್ಪೂ ಉಂಟು. ಕೇಳುವ ಕೆಲಸ ಒಂದನ್ನೇ ಎರಡು ಪಿನ್ನುಗಳಿಗೆ ಒಟ್ಟಿಗೆ ಹೊರಿಸಿದರೆ, ಈ ಚಿಪ್ಪಿನಲ್ಲಿ ಎರಡು ಕಾಲುವೆಗಳ ನೀರು ಒಂದರಲ್ಲಿ ಬೆರೆತಂತೆ ಎರಡರ ಸಂಕೇತಗಳೂ ಬೆರೆತುಹೋಗುತ್ತವೆ. ಹಳೆಯ ಸ್ಥಳದಿಂದ ಹೊಸ ಸ್ಥಳಕ್ಕೆ ಸರಿದಾಗ ಹಳೆಯ ಪಿನ್ನಿನ ಅಪ್ಪಣೆಯನ್ನು ರದ್ದುಮಾಡುವುದೂ ಅವಶ್ಯಕ.

ವಿದ್ಯುತ್ತು ಹೋಗಿ ಬಂದಾಗ:—

ನಮ್ಮ ರಾಜ್ಯದಲ್ಲಿ ಪಂಪುಸೆಟ್ಟುಗಳಿಗೆ ಮೂರು ಫೇಸಿನ ವಿದ್ಯುತ್ತು ಸರದಿಯ ಮೇಲೆ ದಿನಕ್ಕೆ ಕೆಲವು ಗಂಟೆಗಳು ಮಾತ್ರ ಬರುವುದಾಗಿ, ಬೋರ್ಡಿಗೂ ಅದರಿಂದಲೇ ವಿದ್ಯುತ್ತನ್ನು ಕೊಟ್ಟಿದ್ದರೆ ಅದು ದಿನಕ್ಕೆ ಹಲವು ಬಾರಿ ನಿಂತು ಹೊಸದಾಗಿ ಪ್ರಾರಂಭವಾಗುತ್ತದೆ. ಪಿನ್ನುಗಳ ಹಂಚಿಕೆಯು ಚಿಪ್ಪಿನಲ್ಲಿ ಶಾಶ್ವತವಾಗಿ ಉಳಿಯತಕ್ಕದ್ದಲ್ಲ. ವಿದ್ಯುತ್ತು ಹೋದೊಡನೆ ಎಲ್ಲ ಮನೆಗಳೂ ಅಳಿಸಿಹೋಗುತ್ತವೆ. ವಿದ್ಯುತ್ತು ಬಂದಾಗ ಪ್ರತಿಯೊಂದು ಪಿನ್ನೂ ಯಾವ ಶಾಖೆಗೂ ಸೇರದೆ, ಬರಿಯ ಕೇಳುವ ಸ್ಥಿತಿಯಲ್ಲಿ, ಒಳಗಿನ ಒಂದು ದುರ್ಬಲವಾದ ಎಳೆತದಿಂದ ಕೆಳಮಟ್ಟದಲ್ಲಿ ನಿಂತಿರುತ್ತದೆ. ಪ್ರೋಗ್ರಾಮು ಎದ್ದು ಮತ್ತೆ ಒಂದೊಂದಾಗಿ ಕೆಲಸವನ್ನು ಹಂಚಬೇಕು. ಹೀಗೆ ಹಂಚುವುದಕ್ಕೆ ಮುಂಚಿನ ಕಾಲವೂ ಹಂಚುವ ಕ್ಷಣವೂ ಮೋಟಾರಿನ ದೃಷ್ಟಿಯಿಂದ ಅಪಾಯದವು.

ಏಕೆಂದರೆ, ಮೋಟಾರಿನ ಸ್ಟಾರ್ಟರನ್ನು ಒತ್ತುವ ಕೆಲಸವನ್ನು ಬೋರ್ಡು ಒಂದು ರಿಲೇಯ ಮೂಲಕ ಮಾಡುತ್ತದೆ. ಅಂಗಡಿಯಲ್ಲಿ ದೊರೆಯುವ ರಿಲೇಗಳು ಎರಡು ಬಗೆ. ಪಿನ್ನು ಮೇಲುಮಟ್ಟಕ್ಕೆ ಏರಿದರೆ ಹಿಡಿಯುವವು ಕೆಲವು. ಪಿನ್ನು ಕೆಳಮಟ್ಟಕ್ಕೆ ಇಳಿದರೆ ಹಿಡಿಯುವವು ಕೆಲವು. ಎರಡನೆಯ ಬಗೆಯ ರಿಲೇಯನ್ನು ಹಾಕಿದಲ್ಲಿ, ಪ್ರೋಗ್ರಾಮು ಆ ಪಿನ್ನನ್ನು ಕೇಳುವ ಕೆಲಸದಿಂದ ಹೇಳುವ ಕೆಲಸಕ್ಕೆ ಬದಲಾಯಿಸಿದ ಕ್ಷಣದಲ್ಲಿ ಅದರ ಮಟ್ಟವು ಸೊನ್ನೆಯಾಗಿರುತ್ತದೆ. ರಿಲೇಯು ಟಕ್ಕೆಂದು ಹಿಡಿಯುತ್ತದೆ. ಯಾರೂ ಕೇಳದೆ ಮೋಟಾರು ಎದ್ದುನಿಲ್ಲುತ್ತದೆ. ಮರುಕ್ಷಣವೇ ಪ್ರೋಗ್ರಾಮು ಅದನ್ನು ಮೇಲುಮಟ್ಟಕ್ಕೆ ಏರಿಸಬಹುದು. ಆದರೆ ಸ್ಟಾರ್ಟರು ಒಮ್ಮೆ ಒತ್ತಿದರೆ ತಾನೇ ಹಿಡಿದುಕೊಳ್ಳುವಂಥದಾದ್ದರಿಂದ ಮೋಟಾರು ನಿಲ್ಲುವುದಿಲ್ಲ. ಗೇಟುವಾಲ್ವಿನ ಬಳಿ ಆಳು ಕೆಲಸ ಮಾಡುತ್ತಿದ್ದರೆ, ಅಥವಾ ಪೈಪನ್ನು ಬಿಚ್ಚಿಟ್ಟಿದ್ದರೆ ಏನಾದೀತೆಂಬುದನ್ನು ಊಹಿಸಬಹುದು.

ಇದಕ್ಕೆ ಉಪಾಯವು ಸುಲಭ. ಸಾಧ್ಯವಾದಲ್ಲಿ ಮೇಲುಮಟ್ಟಕ್ಕೆ ಹಿಡಿಯುವ ರಿಲೇಯನ್ನೇ ಕೊಳ್ಳತಕ್ಕದ್ದು. ಆಗ ಬೋರ್ಡು ನಿದ್ರಿಸುತ್ತಿರುವಾಗಲೂ ಏಳುತ್ತಿರುವಾಗಲೂ ಪಿನ್ನು ಕೆಳಗಿರುವುದರಿಂದ ಮೋಟಾರು ಸುಮ್ಮನಿರುತ್ತದೆ. ಕೆಳಮಟ್ಟಕ್ಕೆ ಹಿಡಿಯುವ ರಿಲೇಯನ್ನು ಈಗಾಗಲೇ ಹಾಕಿದ್ದರೆ, ಪಿನ್ನನ್ನು ಹೇಳುವ ಕೆಲಸಕ್ಕೆ ಹಚ್ಚುವ ಆಜ್ಞೆಯಲ್ಲಿಯೇ ಮೊದಲ ಮಟ್ಟವು ಮೇಲಿರಬೇಕೆಂದು ಸೇರಿಸಿ ಬರೆಯಿಸಬೇಕು. ಮೈಕ್ರೋಪೈಥಾನಿನಲ್ಲಿ ಇದಕ್ಕೆ ಅವಕಾಶವಿದೆ. ಹಂಚಿದ ಮೇಲೆ ಎರಡನೆಯ ಸಾಲಿನಲ್ಲಿ ಏರಿಸುತ್ತೇನೆಂದರೆ ತಡವಾಯಿತು.

ರಿಲೇಯ ವಿಷಯದಲ್ಲಿಯೇ ಇನ್ನೊಂದು ಮಾತು. ಪೀಕೊ ಬೋರ್ಡಿನ ಪಿನ್ನುಗಳು ೩.೩ ವೋಲ್ಟಿನವು, ಅವುಗಳಿಗೆ ೫ ವೋಲ್ಟು ತಾಗಿಸಕೂಡದು. ೫ ವೋಲ್ಟಿನ ರಿಲೇಗಳಲ್ಲಿ ಕೆಲವು ತಮ್ಮ ೫ ವೋಲ್ಟನ್ನು ಪಿನ್ನಿನ ಕಡೆಗೇ ತಳ್ಳುತ್ತವೆ. ೩.೩ ವೋಲ್ಟಿಗೆ ಒಪ್ಪುವಂಥದೆಂದು ವಿಚಾರಿಸಿ ಕೊಳ್ಳಬೇಕು, ಇಲ್ಲವೆ ನಡುವೆ ಟ್ರಾನ್ಸಿಸ್ಟರೊಂದನ್ನು ಹಾಕಿಸಬೇಕು. ಸ್ಟಾರ್ಟರಿನ ಪೆಟ್ಟಿಗೆಯಲ್ಲಿರುವುದಾದರೋ ಮೂರು ಫೇಸಿನ ವಿದ್ಯುತ್ತು. ಅದರೊಳಗೆ ಕೈಯಿಡುವ ಕೆಲಸವು ಲೈಸೆನ್ಸು ಪಡೆದ ಎಲೆಕ್ಟ್ರಿಷಿಯನ್ನನದೇ ಹೊರತು ಪ್ರೋಗ್ರಾಮು ಬರೆಯುವ ಹುಡುಗನದಲ್ಲ. ಸ್ಟಾರ್ಟರಿನಲ್ಲಿ ಮೊದಲಿನಿಂದ ಇರುವ ಓವರ್‌ಲೋಡ್ ರಿಲೇಯನ್ನೂ, ಒಂದು ಫೇಸು ಹೋದರೆ ಮೋಟಾರನ್ನು ತಡೆಯುವ ಉಪಕರಣವನ್ನೂ ಯಾವ ಕಾರಣಕ್ಕೂ ತೆಗೆಸಬಾರದು. ನೀರಿಲ್ಲದಾಗ ಮೋಟಾರನ್ನು ನಿಲ್ಲಿಸುವ ಉಪಕರಣವು ಸಹ ಬೋರ್ಡಿನ ಹಂಗಿಲ್ಲದೆ ಪ್ರತ್ಯೇಕವಾಗಿರುವುದೇ ಮೇಲು.

ವಿದ್ಯುತ್ತು ಬಂದ ಮೇಲೆ ಇಷ್ಟು ನಿಮಿಷ ಕಾದು ಮೋಟಾರನ್ನು ಎಬ್ಬಿಸುವಂತೆ ಪ್ರೋಗ್ರಾಮಿನಲ್ಲಿ ಏರ್ಪಡಿಸುವುದು ಸುಲಭ. ಒಂದೇ ಟ್ರಾನ್ಸ್‌ಫಾರ್ಮರಿನ ಕೆಳಗಿನ ಪಂಪುಗಳೆಲ್ಲ ಒಂದೇ ಕ್ಷಣದಲ್ಲಿ ಎದ್ದರೆ ವೋಲ್ಟೇಜು ಕುಸಿದು ಎಲ್ಲರಿಗೂ ನಷ್ಟ. ಊರಿನ ಮುಖಂಡರು ಒಬ್ಬರಿಗೆ ಎರಡು ನಿಮಿಷ, ಇನ್ನೊಬ್ಬರಿಗೆ ನಾಲ್ಕು ನಿಮಿಷ ಎಂದು ತೋಟದ ಮಾಲೀಕರಲ್ಲಿ ಒಪ್ಪಂದ ಮಾಡಿಸಿಕೊಟ್ಟರೆ ಬಹಳ ಉಪಕಾರವಾಗುತ್ತದೆ.

ತೇವವನ್ನು ಅಳೆಯುವ ಪಿನ್ನುಗಳು:—

ಮಣ್ಣಿನಲ್ಲಿ ನೆಟ್ಟ ತೇವಮಾಪಕವು ಹೌದು ಅಲ್ಲ ಎಂದು ಎರಡೇ ಮಾತನ್ನಾಡದೆ, ತೇವಕ್ಕೆ ತಕ್ಕಂತೆ ಹೆಚ್ಚುಕಡಮೆಯಾಗುವ ವೋಲ್ಟೇಜನ್ನು ಕೊಡುತ್ತದೆ. ಇದನ್ನು ಅಳೆಯುವ ಶಕ್ತಿ ಅಂಚಿನಲ್ಲಿರುವ ೨೬ರಲ್ಲಿ ಮೂರೇ ಪಿನ್ನುಗಳಿಗಿದೆ: ಜಿ.ಪಿ. ೨೬, ೨೭, ೨೮. ಇವುಗಳಿಗೂ ಮೇಲೆ ಹೇಳಿದ ಬದಲಿ ಕೆಲಸಗಳುಂಟು; ೨೬ ಮತ್ತು ೨೭ನ್ನು ಐ-ಸ್ಕ್ವೇರ್-ಸಿ ೧ ಎಂಬ ಶಾಖೆಗೂ ಕೊಡಬಹುದು. ಆದರೆ ಬೇರೆ ಯಾವ ಪಿನ್ನೂ ಮಾಡಲಾರದ ಕೆಲಸವನ್ನು ಬಲ್ಲ ಮೂವರನ್ನು ಎಲ್ಲರೂ ಮಾಡಬಲ್ಲ ಕೆಲಸಕ್ಕೆ ಹಾಕುವುದು ಜಾಣತನವಲ್ಲ. ಹಂಚಿಕೆಯನ್ನು ಪ್ರಾರಂಭಿಸುವಾಗ ಈ ಮೂರನ್ನು ಮೊದಲು ತೇವಮಾಪಕಗಳಿಗೆ ಮೀಸಲಿಟ್ಟು ಆಮೇಲೆ ಉಳಿದವನ್ನು ಯೋಚಿಸುವುದು ಉತ್ತಮ.

ವಿದ್ಯುತ್ತು ಬಂದಾಗ ಪಿನ್ನನ್ನು ಕೆಳಕ್ಕೆ ಎಳೆಯುವ ಒಂದು ದುರ್ಬಲ ಎಳೆತವಿದೆಯೆಂದು ಹಿಂದೆ ಹೇಳಿದೆಯಷ್ಟೆ. ಅಳೆಯುವ ಪಿನ್ನಿನಲ್ಲಿ ಈ ಎಳೆತ ಉಳಿದುಬಿಟ್ಟರೆ ತಕ್ಕಡಿಯ ಒಂದು ತಟ್ಟೆಯ ಕೆಳಗೆ ಹುಣಿಸೇಹಣ್ಣು ಅಂಟಿಸಿದಂತಾಗುತ್ತದೆ; ಅಂಕಿಯು ಒಂದೇ ಕಡೆಗೆ ವಾಲುತ್ತದೆ. ಅಳೆಯುವ ಕೆಲಸಕ್ಕೆಂದೇ ಇರುವ ಆಜ್ಞೆಯಿಂದ ಪಿನ್ನನ್ನು ತೆರೆದರೆ ಎಳೆತವು ತಾನಾಗಿ ತೆಗೆದುಹೋಗುತ್ತದೆ. ಅದೇ ಪಿನ್ನನ್ನು ಮತ್ತೊಂದು ಸಾಲಿನಲ್ಲಿ ಸಾಮಾನ್ಯವಾದ ಕೇಳುವ ಪಿನ್ನಾಗಿಯೂ ತೆರೆದಿದ್ದಾರೆಯೇ ಎಂಬುದನ್ನು ನೋಡಿಕೊಳ್ಳಬೇಕು.

ಹಂಚಿಕೆಯ ಪಹಣಿ:—

ಜೋಡಿಸುವುದಕ್ಕೆ ಮುಂಚೆಯೇ ಹಂಚಿಕೆಯನ್ನು ಒಂದು ಕಾಗದದ ಮೇಲೆ ಪಹಣಿಯಂತೆ ಬರೆಯಿಸಿಕೊಳ್ಳುವುದನ್ನು ನಾವು ಮುಖ್ಯವಾಗಿ ಸೂಚಿಸುತ್ತೇವೆ. ಜಿ.ಪಿ. ಸಂಖ್ಯೆ, ಅಂಚಿನ ಸಂಖ್ಯೆ, ಯಾವ ಶಾಖೆ, ಯಾವ ಸಾಮಾನು, ವಿದ್ಯುತ್ತು ಬಂದ ಕ್ಷಣದಲ್ಲಿ ಯಾವ ಮಟ್ಟ ಎಂದು ಐದು ಕಲಂಗಳಿದ್ದರೆ ಸಾಕು. ಸಾಧಾರಣವಾದ ಒಂದು ಪಂಪುಸೆಟ್ಟಿಗೆ ಅದು ಹೀಗಿರಬಹುದು:

ಜಿ.ಪಿ. ೪ ಮತ್ತು ೫, ಅಂಚಿನ ೬ ಮತ್ತು ೭ — ಐ-ಸ್ಕ್ವೇರ್-ಸಿ ೦, ಪರದೆ.
ಜಿ.ಪಿ. ೮ ಮತ್ತು ೯, ಅಂಚಿನ ೧೧ ಮತ್ತು ೧೨ — ಯು.ಎ.ಆರ್.ಟಿ. ೧, ಮೋಡೆಮು.
ಜಿ.ಪಿ. ೧೫, ಅಂಚಿನ ೨೦ — ಹೊತ್ತಿಸು ಆರಿಸು, ರಿಲೇ. ಪ್ರಾರಂಭದಲ್ಲಿ ಮೋಟಾರು ನಿಂತಿರುವ ಮಟ್ಟ.
ಜಿ.ಪಿ. ೨೨, ಅಂಚಿನ ೨೯ — ಕೇಳುವ ಪಿನ್ನು, ಪೈಪಿನಲ್ಲಿ ನೀರಿನ ಹರಿವನ್ನು ತಿಳಿಸುವ ಸ್ವಿಚ್ಚು.
ಜಿ.ಪಿ. ೨೬ ಮತ್ತು ೨೭, ಅಂಚಿನ ೩೧ ಮತ್ತು ೩೨ — ಅಳತೆ, ಎರಡು ತೇವಮಾಪಕಗಳು.
ಜಿ.ಪಿ. ೨೮, ಅಂಚಿನ ೩೪ — ಖಾಲಿ. ಮೂರನೆಯ ತೇವಮಾಪಕಕ್ಕೆ ಮೀಸಲು.

ಒಂದೇ ಸಂಖ್ಯೆ ಎರಡು ಸಾಲುಗಳಲ್ಲಿ ಬಂದರ್ಥ ಅಲ್ಲಿ ತಪ್ಪಿದೆ. ಇದನ್ನು ಕಂಡುಹಿಡಿಯಲು ಪ್ರೋಗ್ರಾಮಿನ ಜ್ಞಾನವೇನೂ ಬೇಕಾಗುವುದಿಲ್ಲ. ಕಾಗದದ ಪ್ರತಿಯೊಂದು ಸಂಖ್ಯೆಯೂ ಪ್ರೋಗ್ರಾಮಿನಲ್ಲಿ ಸ್ಪಷ್ಟವಾಗಿ ಬರೆದಿರಬೇಕು. ಭಾಷೆಯು ತಾನಾಗಿ ಕೊಡುವ ಸಂಖ್ಯೆಗೆ ಬಿಡಬಾರದು. ಪಿ.ಡಬ್ಲ್ಯು.ಎಂ. ಉಪಯೋಗಿಸುವವರು ಮಾತ್ರ ಇನ್ನೊಂದನ್ನು ನೋಡಬೇಕು: ಆ ಶಾಖೆಯಲ್ಲಿರುವುದು ೧೬ ದಾರಿಗಳಷ್ಟೆ, ಆದ್ದರಿಂದ ಜಿ.ಪಿ. ೦ ಮತ್ತು ೧೬, ೧ ಮತ್ತು ೧೭, ಹೀಗೆ ಹದಿನಾರರ ಅಂತರದ ಪಿನ್ನುಗಳು ಒಂದೇ ದಾರಿಯನ್ನು ಹಂಚಿಕೊಂಡು ಒಂದೇ ರೀತಿ ಮಿಡಿಯುತ್ತವೆ.

ಬೇರೆ ಬೋರ್ಡುಗಳು:—

ಮೇಲಿನ ಸಂಖ್ಯೆಗಳು ಪೀಕೊ ಬೋರ್ಡಿಗೆ ಸಂಬಂಧಪಟ್ಟವು. ಇವನ್ನೇ ಬೇರೆ ಬೋರ್ಡಿಗೆ ಅನ್ವಯಿಸಕೂಡದು. ಪೀಕೊ ಡಬ್ಲ್ಯು ಎಂಬುದು ೨೦೨೨ರಲ್ಲಿ ಬಂದ ಅದರದೇ ತಮ್ಮ, ವೈಫೈ ಉಳ್ಳದ್ದು. ಹಳೆಯ ಪೀಕೊವಿನಲ್ಲಿ ಬೋರ್ಡಿನ ಮೇಲಿನ ದೀಪವು ಜಿ.ಪಿ. ೨೫ಕ್ಕೆ ಸೇರಿತ್ತು, ಪೀಕೊ ಡಬ್ಲ್ಯುವಿನಲ್ಲಿ ಆ ಪಿನ್ನನ್ನು ವೈಫೈ ಕೆಲಸಕ್ಕೆ ತೆಗೆದುಕೊಂಡು ದೀಪವನ್ನು ವೈಫೈ ಚಿಪ್ಪಿಗೆ ಕಟ್ಟಿದ್ದಾರೆ. ಹಳೆಯ ಪ್ರೋಗ್ರಾಮನ್ನು ಹಾಕಿ ದೀಪ ಹೊತ್ತಲಿಲ್ಲವೆಂದು ಹೊಸ ಬೋರ್ಡನ್ನು ಹಿಂದಿರುಗಿಸಲು ಹೋದವರನ್ನು ನಾವು ಕಂಡಿದ್ದೇವೆ. ಆರ್ಡುಯಿನೊ ಯುನೊ ಬೋರ್ಡಿನಲ್ಲಿ ಎ೪ ಮತ್ತು ಎ೫ ಪಿನ್ನುಗಳೇ ಐ-ಸ್ಕ್ವೇರ್-ಸಿ ತಂತಿಗಳಾದ್ದರಿಂದ, ಪರದೆಯನ್ನು ಹಾಕಿದೊಡನೆ ಆರು ಅಳತೆಯ ಪಿನ್ನುಗಳಲ್ಲಿ ಉಳಿಯುವುದು ನಾಲ್ಕು. ೦ ಮತ್ತು ೧ ಕಂಪ್ಯೂಟರಿನೊಡನೆ ಮಾತನಾಡುವುದಕ್ಕೆ ಸೇರಿದುದಾಗಿ ಅವನ್ನು ಮೋಡೆಮಿಗೆ ಕೊಟ್ಟರೆ ಪ್ರೋಗ್ರಾಮನ್ನು ತುಂಬುವಾಗ ತೊಡಕಾಗುತ್ತದೆ. ಇ.ಎಸ್.ಪಿ. ೩೨ ಎಂಬ ಚಿಪ್ಪಿನ ಬೋರ್ಡಿನಲ್ಲಿ ಬಹುತೇಕ ಯಾವ ಕೆಲಸವನ್ನು ಯಾವ ಪಿನ್ನಿಗಾದರೂ ತಿರುಗಿಸಬಹುದಾದ ಉದಾರವಾದ ಏರ್ಪಾಡಿದೆ. ಆದರೂ ಅದರಲ್ಲಿ ೩೪ರಿಂದ ೩೯ರವರೆಗಿನವು ಕೇಳಬಲ್ಲುವೇ ಹೊರತು ಹೇಳಲಾರವು. ರಿಲೇಯನ್ನು ಅವುಗಳಿಗೆ ಕಟ್ಟಿದರೆ ಎಂದಿಗೂ ಹಿಡಿಯದು. ೬ರಿಂದ ೧೧ರವರೆಗಿನವು ಸಾಮಾನ್ಯವಾಗಿ ಪ್ರೋಗ್ರಾಮು ಇರುವ ನೆನಪಿನ ಚಿಪ್ಪಿಗೆ ಸೇರಿರುವುದರಿಂದ ಮುಟ್ಟಬಾರದು. ಎ.ಡಿ.ಸಿ. ೨ ಎಂಬ ಅಳತೆಯ ಗುಂಪಿನ ಪಿನ್ನುಗಳು ವೈಫೈ ನಡೆಯುತ್ತಿರುವಾಗ ನಂಬಿಕೆಗೆ ತಕ್ಕ ಅಳತೆಯನ್ನು ಕೊಡುವುದಿಲ್ಲವಾದ್ದರಿಂದ, ತೇವಮಾಪಕಗಳನ್ನು ೩೨ರಿಂದ ೩೯ರವರೆಗಿನ ಎ.ಡಿ.ಸಿ. ೧ರ ಗುಂಪಿಗೇ ಸೇರಿಸತಕ್ಕದ್ದು.

ಪಹಣಿಯ ಕಾಗದವನ್ನು ಎರಡು ಪ್ರತಿ ಮಾಡಿಸಿ, ಒಂದನ್ನು ಮನೆಯ ಕಡತದಲ್ಲಿಟ್ಟು ಇನ್ನೊಂದನ್ನು ಪ್ಲಾಸ್ಟಿಕ್ ಹಾಳೆಯೊಳಗಿಟ್ಟು ಬೋರ್ಡಿನ ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಬೇಕು. ಹೊಸ ಸಾಮಾನನ್ನು ಸೇರಿಸಲು ಯಾರೇ ಬಂದರೂ ಮೊದಲು ಅದರಲ್ಲಿ ಖಾಲಿ ಇರುವ ಪಿನ್ನನ್ನು ತೋರಿಸಿ, ಸಾಲನ್ನು ಬರೆದು ತಾರೀಖು ಹಾಕಿದ ಮೇಲೆಯೇ ತಂತಿಯನ್ನು ಮುಟ್ಟಲು ಬಿಡಬೇಕು. ಸೇರಿಸಿ ಮುಗಿದ ಮೇಲೆ ಹೊಸದು ಕೆಲಸ ಮಾಡುತ್ತದೆಯೆಂದು ಕಂಡರೆ ಸಾಲದು. ಪೆಟ್ಟಿಗೆಯ ವಿದ್ಯುತ್ತನ್ನು ಒಮ್ಮೆ ತೆಗೆದು ಮತ್ತೆ ಕೊಟ್ಟು, ಮೋಟಾರು ತಾನಾಗಿ ಏಳದಿರುವುದನ್ನೂ, ಮೊದಲಿನಿಂದ ಇದ್ದ ಪ್ರತಿಯೊಂದು ಸಾಮಾನೂ ಹಿಂದಿನಂತೆಯೇ ನಡೆಯುವುದನ್ನೂ, ಮೋಡೆಮಿನಿಂದ ಒಂದು ಸಂದೇಶ ಮನೆಯ ಮೊಬೈಲಿಗೆ ಬರುವುದನ್ನೂ ಜೋಡಿಸಿದವನು ಹೊರಡುವುದಕ್ಕೆ ಮುಂಚೆಯೇ ಅವನೆದುರಿನಲ್ಲಿ ನೋಡಿಕೊಳ್ಳತಕ್ಕದ್ದು.